ಮಾಚು ಪಿಚುವಿಗೆ ಹೊರಟವರು ಲೆಕ್ಕವನ್ನು ಕೊನೆಯಿಂದ ಹಾಕಬೇಕು

ಪೆರು ಪ್ರವಾಸಕ್ಕೆ ತಯಾರಾಗುವವರು ಬರೆದಿಟ್ಟುಕೊಳ್ಳುವ ಪಟ್ಟಿಗಳಲ್ಲಿ ಒಂದೇ ಕ್ರಮ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಮೊದಲು ವಿಮಾನ, ಆಮೇಲೆ ಕುಸ್ಕೊದಲ್ಲಿ ಹೋಟೆಲ್, ಆಮೇಲೆ ರೈಲು, ಕಟ್ಟಕಡೆಗೆ ಮಾಚು ಪಿಚುವಿನ, ಅಂದರೆ ಹಿಂದೆ ಪೆರುವನ್ನು ಆಳಿದ ಇಂಕಾ ಜನ ಬೆಟ್ಟದ ಮೇಲೆ ಕಟ್ಟಿದ ಊರಿನ ಅವಶೇಷದ, ಪ್ರವೇಶ. ಹಂಪಿಗೋ ಬಾದಾಮಿಗೋ ಹೊರಡುವಾಗ ಈ ಕ್ರಮದಲ್ಲಿ ತಪ್ಪೇನಿಲ್ಲ. ಊರು ತಲುಪಿ ಟಿಕೆಟ್ ಕೊಂಡರಾಯಿತು. ಒಳಗೆ ಹೋದವರು ಯಾವ ಮಂಟಪದ ನೆರಳಲ್ಲಿ ಎಷ್ಟು ಹೊತ್ತು ಕೂತರು ಎಂದು ಯಾರೂ ಲೆಕ್ಕ ಇಡುವುದಿಲ್ಲ. ಮಾಚು ಪಿಚುವಿನ ಟಿಕೆಟ್ಟಿನಲ್ಲಿ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ದಿನ, ಒಳಗೆ ಹೋಗುವ ಗಂಟೆ ಇರುತ್ತವೆ. ಒಳಗೆ ಯಾವ ದಾರಿಯಲ್ಲಿ, ಅಲ್ಲಿನವರ ಮಾತಿನಲ್ಲಿ ಯಾವ 'ಸರ್ಕ್ಯೂಟ್'ನಲ್ಲಿ, ನಡೆಯಬೇಕು ಎಂಬುದೂ ಅದರಲ್ಲೇ ಇರುತ್ತದೆ. ಆ ದಾರಿ ಏಕಮುಖ. ಮುಂದೆ ನಡೆದವರು ಹಿಂದಿರುಗುವಂತಿಲ್ಲ, ಹೊರಗೆ ಬಂದವರು ಮತ್ತೆ ಒಳಗೆ ಹೋಗುವಂತಿಲ್ಲ.

ಇದು ಗೊತ್ತಿಲ್ಲದೆ ಹೋದವರ ನಷ್ಟ ಸಣ್ಣದಲ್ಲ. ಎಲ್ಲರ ಮನಸ್ಸಿನಲ್ಲೂ ಇರುವ ಚಿತ್ರ ಒಂದೇ: ಮೆಟ್ಟಿಲು ಮೆಟ್ಟಿಲಾದ ಹಸಿರು ಜಗಲಿಗಳು, ನಡುವೆ ಚಾವಣಿ ಇಲ್ಲದ ಕಲ್ಲಿನ ಮನೆಗಳು, ಹಿಂದೆ ಕೊಂಬಿನಂತೆ ಎದ್ದ ವೈನಾ ಪಿಚು ಶಿಖರ. ಆ ನೋಟ ಸಿಗುವುದು ಮೇಲಿನ ಜಗಲಿಗಳಿಂದ. ಸರ್ಕ್ಯೂಟ್ 3ರ ಟಿಕೆಟ್ ಹಿಡಿದವರು ಗೇಟು ದಾಟಿದ ಸ್ವಲ್ಪ ಹೊತ್ತಿಗೇ ಕೆಳಗಿನ ದಾರಿ ಹಿಡಿಯಬೇಕು; ಪಕ್ಕದಲ್ಲೇ ಬೇರೆಯವರು ಮೇಲಕ್ಕೆ ಹತ್ತುತ್ತಿರುತ್ತಾರೆ, ಕಾವಲಿನವರು ಟಿಕೆಟ್ ನೋಡಿ ಕೈ ತೋರಿಸುವುದು ಕೆಳಕ್ಕೆ. ಸರ್ಕ್ಯೂಟ್ 1ರವರ ಪಾಡು ಇದಕ್ಕೆ ತಿರುಗುಮುರುಗು. ಚಿತ್ರ ಪೂರ್ತಿ ಸಿಗುತ್ತದೆ, ಆದರೆ ಊರೊಳಗೆ ಕಾಲಿಡುವಂತಿಲ್ಲ. ಬೆಂಗಳೂರಿನಿಂದ ಒಂದೂವರೆ ದಿನ ಪ್ರಯಾಣ ಮಾಡಿ ಬಂದವರಿಗೆ ಆ ಕವಲಿನಲ್ಲಿ ಏನನ್ನಿಸುತ್ತದೆ ಎಂದು ನೆನೆದರೆ ಸಂಕಟವಾಗುತ್ತದೆ. ಹಾಗಾಗಿ ಈ ಪ್ರವಾಸದ ಲೆಕ್ಕವನ್ನು ಆ ಕವಲಿನಿಂದಲೇ ಶುರುಮಾಡಿ ಹಿಂದಕ್ಕೆ, ಮನೆಯ ಕಡೆಗೆ, ಹಾಕಿಕೊಂಡು ಬರಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಯಾವ ಕಲ್ಲನ್ನು ನೋಡಬೇಕು?

2024ರ ಜೂನ್‌ನಿಂದ ಮೂರು ಸರ್ಕ್ಯೂಟ್, ಅವುಗಳೊಳಗೆ ಹತ್ತು ದಾರಿಗಳು ಜಾರಿಯಲ್ಲಿವೆ. ದಿನಕ್ಕೆ 4,500 ಜನರಿಗೆ ಪ್ರವೇಶ, ಜನ ಹೆಚ್ಚಿರುವ ಕೆಲವು ದಿನ 5,600ರವರೆಗೆ. ಮೊದಲ ಸಲ ಹೋಗುವವರಿಗೆ, ಇನ್ನೊಂದು ಸಲ ಹೋಗುವ ಸಾಧ್ಯತೆ ಕಡಿಮೆ ಇರುವವರಿಗೆ, ಸರ್ಕ್ಯೂಟ್ 2 ಸರಿ. ಅದರಲ್ಲಿ 2-ಎ ಮತ್ತು 2-ಬಿ ಎಂದು ಎರಡು ದಾರಿ. ಎರಡರಲ್ಲೂ ಜಗಲಿಗಳ ಮೇಲಿನ ನೋಟ ಸಿಗುತ್ತದೆ, ಆಮೇಲೆ ಊರೊಳಗಿನ ಕಟ್ಟಡಗಳ ನಡುವೆ ನಡೆಯುವುದೂ ಆಗುತ್ತದೆ. ಎರಡೂವರೆಯಿಂದ ಮೂರು ಗಂಟೆ ಬೇಕು. ಇದೇ ಮೊದಲು ಖಾಲಿಯಾಗುವ ಟಿಕೆಟ್. ಸರ್ಕ್ಯೂಟ್ 1ರಲ್ಲಿ ಮಾಚು ಪಿಚು ಪರ್ವತ ಹತ್ತುವ 1-ಎ ಇದೆ: ತುದಿಯ ಎತ್ತರ 3,000 ಮೀಟರ್ ದಾಟುತ್ತದೆ, ಅವಶೇಷದ ಮಟ್ಟದಿಂದ 600 ಮೀಟರಿಗೂ ಹೆಚ್ಚು ಮೆಟ್ಟಿಲು. ಕಡಿದಾದ ವೈನಾ ಪಿಚು ಇರುವುದು 3-ಎಯಲ್ಲಿ. ಏರು 260 ಮೀಟರಿನಷ್ಟೇ ಆದರೂ ಮೆಟ್ಟಿಲುಗಳು ಕಿರಿದು, ಒಂದು ಬದಿ ಪ್ರಪಾತ, ಇಳಿಯುವಾಗ ಮೊಣಕಾಲು ನಡುಗುತ್ತದೆ. ಎತ್ತರದ ಭಯ ಇರುವವರು ಆಸೆಗೆ ಬಿದ್ದು ಇದನ್ನು ಕೊಳ್ಳಬಾರದು. ಸೂರ್ಯದ್ವಾರ, ಇಂಕಾ ಸೇತುವೆಯಂಥ ಕೆಲವು ದಾರಿಗಳು ಜನ ಹೆಚ್ಚಿರುವ ತಿಂಗಳುಗಳಲ್ಲಿ ಮಾತ್ರ ತೆರೆಯುತ್ತವೆ.

ಸರ್ಕ್ಯೂಟ್ 3 ಬೇಡವೇ ಬೇಡ ಎನ್ನುವವರ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಸೂರ್ಯ ದೇಗುಲದ ಬಾಗಿದ ಗೋಡೆ, ಅದರ ಪಕ್ಕದಲ್ಲಿ ಮೆಟ್ಟಿಲ ಸಾಲಿನುದ್ದಕ್ಕೂ ಇಳಿಯುವ ಕಾರಂಜಿಗಳು ಇರುವುದು ಆ ಕಡೆ. ಇಡೀ ಊರಿನ ಗುಟ್ಟು ನೀರಿನಲ್ಲಿದೆ. ಬೆಟ್ಟದ ಬದಿಯ ಒಂದು ಒರತೆಯಿಂದ 749 ಮೀಟರ್ ಉದ್ದದ ಕಲ್ಲಿನ ಕಾಲುವೆ ನೀರನ್ನು ತರುತ್ತದೆ; ಆ ನೀರು ಒಂದರ ಕೆಳಗೊಂದರಂತೆ 16 ಕಾರಂಜಿಗಳಲ್ಲಿ ಬೀಳುತ್ತದೆ. ಮೊದಲನೆಯದು ಅರಸನ ಮನೆಯದೆನ್ನುವ ಕಟ್ಟಡದ ಹತ್ತಿರ. ಅಂದರೆ ಶುದ್ಧ ನೀರು ಮೊದಲು ಅರಸನಿಗೆ, ಆಮೇಲೆ ಉಳಿದವರಿಗೆ. ವರ್ಷಕ್ಕೆ 2,000 ಮಿಲಿಮೀಟರಿನಷ್ಟು ಮಳೆ ಬೀಳುವ, ಎರಡೂ ಕಡೆ ಜಾರುವ ಬೆಟ್ಟದ ಬೆನ್ನಿನ ಮೇಲೆ ಈ ಊರು 500 ವರ್ಷ ನಿಂತದ್ದು ಹೇಗೆ ಎಂಬುದಕ್ಕೆ ಉತ್ತರ ಜಗಲಿಗಳ ಹೊಟ್ಟೆಯಲ್ಲಿದೆ: ಮೇಲೆ ಬೇಸಾಯದ ಮಣ್ಣು, ಅದರ ಕೆಳಗೆ ಮರಳು-ಜಲ್ಲಿ, ತಳದಲ್ಲಿ ದಪ್ಪ ಕಲ್ಲುಗಳು. ಮಳೆನೀರು ನಿಲ್ಲದೆ ಇಂಗಿ ಬಸಿದುಹೋಗುತ್ತದೆ. ಗೋಡೆಗಳ ಬುಡದಲ್ಲಿ ನೀರು ಹೊರಬರಲು ಬಿಟ್ಟ ಕಿಂಡಿಗಳೇ ನೂರಕ್ಕೂ ಹೆಚ್ಚು. ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆದ ಮಲೆನಾಡಿನವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಪಾಚಾಕೂತಿ ಎಂಬ ಇಂಕಾ ಅರಸ ಇದನ್ನು ಕಟ್ಟಿಸಿದ್ದು 15ನೇ ಶತಮಾನದಲ್ಲಿ, ನಮ್ಮಲ್ಲಿ ಪ್ರೌಢದೇವರಾಯ ಆಳುತ್ತಿದ್ದ ಕಾಲದ ಆಸುಪಾಸು. ಅಲ್ಲೂ ಕಣಶಿಲೆ (ಗ್ರಾನೈಟ್), ಇಲ್ಲೂ ಕಣಶಿಲೆ. ಆದರೆ ಅಲ್ಲಿನ ಕೆಲಸಗಾರರ ಕೈಯಲ್ಲಿ ಕಬ್ಬಿಣದ ಉಳಿ ಇರಲಿಲ್ಲ. ಕಲ್ಲನ್ನು ಗಟ್ಟಿ ಕಲ್ಲಿನಿಂದಲೇ ಕುಟ್ಟಿ ಕೂರಿಸಿದ್ದಾರೆ. ಎರಡು ದಿನ ಇರುವವರು ಒಂದು ದಿನ ಸರ್ಕ್ಯೂಟ್ 2, ಮರುದಿನ 3 ಕೊಂಡರೆ ಹಣ ದಂಡವಲ್ಲ.

ವಿದೇಶಿ ವಯಸ್ಕರಿಗೆ ಸಾಮಾನ್ಯ ಟಿಕೆಟ್ 152 ಸೋಲ್ (ಸೋಲ್ ಪೆರುವಿನ ಹಣ), ಶಿಖರ ಸೇರಿದರೆ 200 ಸೋಲ್. ಕೊಳ್ಳುವ ದಿನ ಪೆರು ಸಂಸ್ಕೃತಿ ಸಚಿವಾಲಯದ 'ತು ಬೊಲೆತೊ' ತಾಣದಲ್ಲಿ ದರವನ್ನು ಮತ್ತೊಮ್ಮೆ ನೋಡಿಕೊಳ್ಳಿ. ಜೂನ್‌ನಿಂದ ಆಗಸ್ಟ್‌ವರೆಗಿನ ದಿನಗಳಿಗಾದರೆ ಮೂರು-ನಾಲ್ಕು ತಿಂಗಳು ಮೊದಲೇ ಕೊಳ್ಳಬೇಕು. ನಮ್ಮವರಿಗೆ ಇಲ್ಲಿ ಎರಡು ತೊಡಕು. ಒಂದು, ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಪಾವತಿಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ತೆರೆದಿಟ್ಟಿರಬೇಕು, ಇಲ್ಲದಿದ್ದರೆ ಹಣ ಕಟ್ಟುವ ಹಂತದಲ್ಲಿ ನಿಂತುಹೋಗುತ್ತದೆ. ಇನ್ನೊಂದು ಹೆಸರು. ಕರ್ನಾಟಕದ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಅಥವಾ ಇನಿಷಿಯಲ್ ಬಿಡಿಸಿ ತಂದೆಯ ಹೆಸರೋ ಊರಿನ ಹೆಸರೋ ಸೇರಿರುತ್ತದೆ. ಸ್ಪ್ಯಾನಿಷ್ ಫಾರಂ ಮನೆಹೆಸರು ಕೇಳಿಯೇ ತೀರುತ್ತದೆ. ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ತುಂಬಿ, ಪ್ರವೇಶ, ರೈಲು, ಬಸ್ಸು ಮೂರರಲ್ಲೂ ಒಂದೇ ರೀತಿ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ ಪಾಸ್‌ಪೋರ್ಟ್ ಸಂಖ್ಯೆಯಲ್ಲಿ ಒಂದಂಕಿಯೂ ತಪ್ಪಬಾರದು. ಟಿಕೆಟ್ ಕೊಂಡ ಮೇಲೆ ಪಾಸ್‌ಪೋರ್ಟ್ ನವೀಕರಿಸಿದ್ದರೆ ಹಳೆಯದನ್ನೂ ಜೊತೆಗೆ ಒಯ್ಯಿರಿ.

ಯಾವ ಗಂಟೆ? ಬೆಳಗಿನ 6ರ ಟಿಕೆಟ್ಟಿಗೆ ಎಲ್ಲರೂ ಮುಗಿಬೀಳುತ್ತಾರೆ, ಸೂರ್ಯೋದಯ ಕಾಣುತ್ತದೆಂದು. ಮಾಚು ಪಿಚು ಇರುವುದು ಮೋಡ ಕವಿಯುವ ಕಾಡಿನ ಅಂಚಿನಲ್ಲಿ. ಕೆಳಗೆ ಉರುಬಾಂಬಾ ನದಿ ಮೂರು ಕಡೆ ಸುತ್ತುವರಿದಿದೆ, ರಾತ್ರಿಯ ತೇವವೆಲ್ಲ ಬೆಳಗಿಗೆ ಮಂಜಾಗಿ ಮೇಲೇಳುತ್ತದೆ. ಎಷ್ಟೋ ದಿನ ಮೊದಲ ತಂಡದವರು ಬಿಳಿ ಗೋಡೆಯೊಂದನ್ನು ನೋಡುತ್ತ ನಿಲ್ಲುತ್ತಾರೆ, ಹಿಂದಕ್ಕೆ ಬರುವಂತಿಲ್ಲದ ದಾರಿಯಲ್ಲಿ ಸಮಯ ಕಳೆಯುತ್ತಿರುತ್ತದೆ. 8 ಅಥವಾ 9 ಗಂಟೆ ನನ್ನ ಆಯ್ಕೆ. ಒಳಗೆ ಶೌಚಾಲಯ ಇಲ್ಲ, ಗೇಟಿನ ಹೊರಗೇ ಮುಗಿಸಬೇಕು. ಚಿಲ್ಲರೆ ಸೋಲ್ ನಾಣ್ಯ ಜೇಬಿನಲ್ಲಿರಲಿ. ಚೀಲ 40×35×20 ಸೆಂಟಿಮೀಟರ್ ಮೀರಬಾರದು. ಟ್ರೈಪಾಡ್, ಸೆಲ್ಫಿ ಕೋಲು, ಡ್ರೋನ್ ನಿಷಿದ್ಧ. ಊರುಗೋಲು ವಯಸ್ಸಾದವರಿಗೆ ಮಾತ್ರ, ಅದೂ ತುದಿಗೆ ರಬ್ಬರ್ ಇದ್ದರೆ.

ಕೆಳಗಿನ ಊರಿನ ಸಾಲು

ಗೇಟಿನಿಂದ ಒಂದು ಹೆಜ್ಜೆ ಹಿಂದಕ್ಕೆ ಬಂದರೆ ಆಗ್ವಾಸ್ ಕಾಲಿಯೆಂತೆಸ್. ಕಣಿವೆಯ ತಳದಲ್ಲಿ, ರೈಲು ಹಳಿಯ ಎರಡೂ ಬದಿಗೆ ಅಂಟಿಕೊಂಡ ಊರು, ಎತ್ತರ 2,040 ಮೀಟರ್. ಹೊರಗಿನಿಂದ ಇಲ್ಲಿಗೆ ವಾಹನ ಬರುವ ರಸ್ತೆ ಇಲ್ಲ. ಇಲ್ಲಿಂದ ಅವಶೇಷದ ಗೇಟಿಗೆ ಮಾತ್ರ ತಿರುವು ತಿರುವಾದ ಒಂದು ರಸ್ತೆ ಇದೆ. 400 ಮೀಟರ್ ಏರು, ಬಸ್ಸಿನಲ್ಲಿ 25-30 ನಿಮಿಷ, ಒಂದು ಕಡೆಗೆ 12 ಡಾಲರ್. ನಡೆದರೆ ತಿರುವುಗಳನ್ನು ಕತ್ತರಿಸಿ ಹೋಗುವ ಕಲ್ಲುಮೆಟ್ಟಿಲ ದಾರಿಯಲ್ಲಿ ಒಂದೂವರೆ ಗಂಟೆ. ಮೊದಲ ಬಸ್ಸು ಬೆಳಗಿನ ಐದೂವರೆಗೆ, ಸಾಲು ಅದಕ್ಕೂ ಬಹಳ ಮೊದಲೇ ಬೆಳೆದಿರುತ್ತದೆ. ಟಿಕೆಟ್ಟಿನ ಗಂಟೆಗೆ ಸರಿಯಾಗಿ ಒಂದೂವರೆ ಗಂಟೆ ಮೊದಲು ಸಾಲಿನಲ್ಲಿದ್ದರೆ ಗಾಬರಿ ಬೇಡ.

ಮೊದಲೇ ಟಿಕೆಟ್ ಸಿಗದವರಿಗೆ ಈ ಊರಿನಲ್ಲಿ ಒಂದು ಕಿಂಡಿ ತೆರೆದಿದೆ. ಮರುದಿನದ ಪ್ರವೇಶಕ್ಕೆ ಸುಮಾರು 1,000 ಟಿಕೆಟ್‌ಗಳನ್ನು ಇಲ್ಲಿನ ಕಚೇರಿಯಲ್ಲಿ ನೇರವಾಗಿ ಮಾರುತ್ತಾರೆ. ಅಲ್ಲಿನ ನೋಟವನ್ನು ಮೊದಲೇ ಮನಸ್ಸಿಗೆ ತಂದುಕೊಂಡಿರುವುದು ಒಳ್ಳೆಯದು. ಕಚೇರಿಯ ಮುಂದೆ ಬೆಳಗಿನಿಂದಲೇ ಜನ. ಮೊದಲು ಕೊಡುವುದು ಟಿಕೆಟ್ ಅಲ್ಲ, ಸರದಿಯ ಚೀಟಿ. ಅದಕ್ಕೂ ಪಾಸ್‌ಪೋರ್ಟ್ ತೋರಿಸಬೇಕು. ಆ ಚೀಟಿ ಹಿಡಿದು ಹೇಳಿದ ಹೊತ್ತಿಗೆ ಮತ್ತೆ ಬಂದು ಇನ್ನೊಂದು ಸಾಲು ನಿಲ್ಲಬೇಕು. ಪರದೆಯ ಮೇಲೆ ಯಾವ ದಾರಿಯಲ್ಲಿ ಯಾವ ಗಂಟೆಗೆ ಎಷ್ಟು ಉಳಿದಿದೆ ಎಂದು ಅಂಕಿ ಇಳಿಯುತ್ತಿರುತ್ತದೆ. ಸಾಲಿನಲ್ಲಿರುವವರ ಕಣ್ಣೆಲ್ಲ ಅದರ ಮೇಲೆ, ತಮ್ಮ ಸರದಿ ಬರುವ ಹೊತ್ತಿಗೆ ಸರ್ಕ್ಯೂಟ್ 2 ಸೊನ್ನೆಯಾದೀತೇ ಎಂದು. ಮಗುವನ್ನು ಹೆಗಲ ಮೇಲೆ ಹೊತ್ತವರು, ಮರುದಿನ ಸಂಜೆಯ ರೈಲಿಗೆ ಟಿಕೆಟ್ ಮಾಡಿಸಿಟ್ಟವರು, ಎಲ್ಲರೂ ಅಲ್ಲೇ. ಇದನ್ನು ನಂಬಿ ಹೋಗುವವರು ಎರಡು ರಾತ್ರಿ ಈ ಊರಿಗೆ ಇಡಬೇಕು, ಸಿಕ್ಕ ದಾರಿಗೆ ಒಪ್ಪಿಕೊಳ್ಳುವ ಮನಸ್ಸೂ ಬೇಕು. ಮೂರು ವಾರ ರಜೆ ಇರುವವರಿಗೆ ಇದು ಆಗುತ್ತದೆ. ಒಂಬತ್ತು ದಿನಕ್ಕೆ ಬಂದವರಿಗೆ ಆಗುವುದಿಲ್ಲ.

ಟಿಕೆಟ್ ಇದ್ದವರೂ ಹಿಂದಿನ ರಾತ್ರಿ ಇಲ್ಲೇ ಉಳಿಯುವುದು ಮೇಲು. ಕುಸ್ಕೊದಿಂದ ಒಂದೇ ದಿನದಲ್ಲಿ ಹೋಗಿಬರುವವರು ನಡುರಾತ್ರಿ ಕಳೆದು ಏಳಬೇಕು, ಒಂದು ರೈಲು ತಡವಾದರೆ ಪ್ರವೇಶದ ಗಂಟೆ ಕೈಬಿಡುತ್ತದೆ. ವಾಪಸ್ಸು ರೈಲನ್ನು ಪ್ರವೇಶದ ಗಂಟೆಯಿಂದ ಕನಿಷ್ಠ ಐದಾರು ಗಂಟೆ ಬಿಟ್ಟು ಇಟ್ಟುಕೊಳ್ಳಿ: ಒಳಗೆ ಮೂರು ಗಂಟೆ, ಇಳಿಯುವ ಬಸ್ಸಿನ ಸಾಲಿಗೆ ಒಂದು ಗಂಟೆ, ಬಸ್ಸಿಗೆ ಅರ್ಧ, ಊಟಕ್ಕೆ ಉಳಿದದ್ದು.

ಹಳಿಯ ಆ ತುದಿ

ರೈಲು ಹಿಡಿಯುವುದು ಒಯಾಂತಾಯ್‌ತಾಂಬೊದಲ್ಲಿ. ಎರಡು ಕಂಪನಿಗಳ ರೈಲುಗಳು ಒಂದೇ ಹಳಿಯ ಮೇಲೆ ಓಡುತ್ತವೆ, ಸುಮಾರು ಒಂದೂಮುಕ್ಕಾಲು ಗಂಟೆಯ ದಾರಿ. ದೊಡ್ಡ ಸೂಟ್‌ಕೇಸಿಗೆ ರೈಲಿನಲ್ಲಿ ಜಾಗ ಇಲ್ಲ. ಅದನ್ನು ಹೋಟೆಲಿನಲ್ಲಿ ಬಿಟ್ಟು, ಎರಡು ದಿನಕ್ಕಾಗುವ ಬಟ್ಟೆಯ ಸಣ್ಣ ಚೀಲದೊಂದಿಗೆ ಹೋಗಬೇಕು. ಹಣ ಉಳಿಸುವವರು ಕುಸ್ಕೊದಿಂದ ವ್ಯಾನಿನಲ್ಲಿ 4,300 ಮೀಟರಿನ ಆಬ್ರಾ ಮಾಲಗಾ ಘಟ್ಟ ದಾಟಿ ಆರೇಳು ಗಂಟೆಯಲ್ಲಿ ಇದ್ರೊಎಲೆಕ್ತ್ರಿಕಾ ಎಂಬ ನಿಲ್ದಾಣ ತಲುಪಿ, ಅಲ್ಲಿಂದ ಹಳಿಯ ಪಕ್ಕದಲ್ಲೇ 10-11 ಕಿ.ಮೀ. ನಡೆಯುತ್ತಾರೆ. ಒಣ ತಿಂಗಳಲ್ಲಿ ಒಳ್ಳೆಯ ನಡಿಗೆ. ಮಳೆಗಾಲದಲ್ಲಿ ಗುಡ್ಡ ಕುಸಿಯುವ ದಾರಿ, ಬೇಡ.

ಒಯಾಂತಾಯ್‌ತಾಂಬೊವನ್ನು ಬರೀ ರೈಲು ನಿಲ್ದಾಣವೆಂದು ತಿಳಿದು ಓಡುವವರನ್ನು ನೋಡಿದರೆ ತಡೆದು ನಿಲ್ಲಿಸಬೇಕೆನಿಸುತ್ತದೆ. ಮಾಚು ಪಿಚುವಿನಲ್ಲಿ ಈಗ ಯಾರೂ ವಾಸವಿಲ್ಲ. ಇಲ್ಲಿ ಇಂಕಾ ಕಾಲದ ಬೀದಿಗಳಲ್ಲಿ ಜನ ಇನ್ನೂ ಬದುಕುತ್ತಿದ್ದಾರೆ. ಕಿರಿದಾದ ಓಣಿಗಳು ಒಂದಕ್ಕೊಂದು ನೇರ ಕೋನದಲ್ಲಿ ಸೇರುತ್ತವೆ, ಮನೆಗಳ ಬುಡದ ಕಲ್ಲುಗಳು ಹಳೆಯವು, ಓಣಿಯ ಬದಿಯ ಕಲ್ಲಿನ ಕಾಲುವೆಯಲ್ಲಿ ಬೆಟ್ಟದ ನೀರು ಸದ್ದು ಮಾಡುತ್ತ ಹರಿಯುತ್ತದೆ. ಬೆಳಗ್ಗೆ ಬೇಗ, ಬಸ್ಸುಗಳು ಬರುವ ಮುನ್ನ, ಆ ಸದ್ದೊಂದೇ ಕೇಳುತ್ತದೆ. ಅಂಗಡಿಯವರು ಅದೇ ನೀರನ್ನು ಚೆಂಬಿನಲ್ಲಿ ಎತ್ತಿ ಬಾಗಿಲ ಮುಂದಿನ ಧೂಳಿಗೆ ಚಿಮುಕಿಸುತ್ತಾರೆ. ಮೇಲೆ ಕೋಟೆಯ ತುದಿಯಲ್ಲಿ ಗುಲಾಬಿ ಬಣ್ಣದ ಆರು ದೈತ್ಯ ಚಪ್ಪಡಿಗಳು ಸಾಲಾಗಿ ನಿಂತಿವೆ. ಅವು ಬಂದದ್ದು ನದಿಯ ಆಚೆ ಬದಿಯ ಬೆಟ್ಟದ ಕಾಚಿಕಾತಾ ಕಲ್ಲುಗಣಿಯಿಂದ: ಅಲ್ಲಿಂದ ಇಳಿಸಿ, ನದಿ ದಾಟಿಸಿ, ಮತ್ತೆ ಏರಿಸಿದ್ದಾರೆ, ಚಕ್ರದ ಗಾಡಿ ಇಲ್ಲದೆ. ಕೆಲವು ಬಂಡೆಗಳು ದಾರಿಯಲ್ಲೇ ಉಳಿದಿವೆ. ಜನ ಅವನ್ನು 'ದಣಿದ ಕಲ್ಲುಗಳು' ಎನ್ನುತ್ತಾರೆ. ಒಂದು ರಾತ್ರಿಯನ್ನಾದರೂ ಈ ಊರಿಗೆ ಕೊಡಿ. ಕೋಟೆಯ ಪ್ರವೇಶ ಕುಸ್ಕೊದ 'ಬೊಲೆತೊ ತುರಿಸ್ತಿಕೊ' ಟಿಕೆಟ್ಟಿನಲ್ಲಿ ಸೇರಿದೆ; 130 ಸೋಲ್, 10 ದಿನ, 16 ಜಾಗ. ಪೀಸಾಕ್, ಮೊರಾಯ್, ಸಾಕ್ಸಾಯ್‌ವಾಮಾನ್ ಎಂಬ ಇಂಕಾ ಅವಶೇಷಗಳೆಲ್ಲ ಅದರಲ್ಲೇ. ಮಾಚು ಪಿಚು ಇದರಲ್ಲಿ ಇಲ್ಲ.

ನಾಲ್ಕು ದಿನದ ಇಂಕಾ ಟ್ರೇಲ್ ಎಂಬ ಚಾರಣದ ದಾರಿ ನಡೆಯುವವರು ರೈಲು ಹಳಿಯ 82ನೇ ಕಿ.ಮೀ. ಕಲ್ಲಿನಿಂದ ಹೊರಟು 4,215 ಮೀಟರಿನ ವಾರ್ಮಿವಾನ್ಯುಸ್ಕಾ ಘಟ್ಟ ದಾಟಿ ಸೂರ್ಯದ್ವಾರದ ಮೂಲಕ ಇಳಿಯುತ್ತಾರೆ. ದಿನಕ್ಕೆ 500 ಪರವಾನಗಿ, ಅದರಲ್ಲಿ ಮಾರ್ಗದರ್ಶಿಗಳು, ಹೊರೆಯಾಳುಗಳೂ ಸೇರಿ. ಚಾರಣಿಗರಿಗೆ ಉಳಿಯುವುದು ಸುಮಾರು 200. ಪರವಾನಗಿ ಇರುವ ಸಂಸ್ಥೆಯ ಮೂಲಕವೇ ಹೋಗಬೇಕು, ಆರು ತಿಂಗಳು ಮೊದಲೇ. ಫೆಬ್ರವರಿಯಲ್ಲಿ ದಾರಿ ಮುಚ್ಚಿರುತ್ತದೆ. ಸಂಸ್ಥೆಯನ್ನು ಆರಿಸುವಾಗ ಹೊರೆಯಾಳು ಎಷ್ಟು ಕಿಲೋ ಹೊರುತ್ತಾನೆ, ರಾತ್ರಿ ಎಲ್ಲಿ ಮಲಗುತ್ತಾನೆ ಎಂದು ಕೇಳಿ. ಉತ್ತರ ಕೊಡಲು ಹಿಂಜರಿದರೆ ಬೇರೆಯವರನ್ನು ನೋಡಿ.

ಎತ್ತರದ ಲೆಕ್ಕ

ಮುಳ್ಳಯ್ಯನಗಿರಿ 1,930 ಮೀಟರ್. ನಮ್ಮ ರಾಜ್ಯದಲ್ಲಿ ಅದಕ್ಕಿಂತ ಎತ್ತರಕ್ಕೆ ಕಾಲಿಡಲು ಜಾಗವೇ ಇಲ್ಲ. ಕುಸ್ಕೊ ವಿಮಾನ ನಿಲ್ದಾಣದಲ್ಲಿ ಇಳಿದಾಗ ನೀವು 3,300 ಮೀಟರ್ ದಾಟಿರುತ್ತೀರಿ, ಲೀಮಾದ ಸಮುದ್ರ ಮಟ್ಟದಿಂದ ಒಂದೂಕಾಲು ಗಂಟೆಯಲ್ಲಿ. ಅಲ್ಲಿನ ಪ್ರತಿ ಉಸಿರಿನಲ್ಲಿ ಸಿಗುವ ಆಮ್ಲಜನಕ ಸಮುದ್ರ ಮಟ್ಟದ ಮೂರನೇ ಎರಡು ಭಾಗ. ತಲೆನೋವು, ಹೊಟ್ಟೆ ತೊಳೆಸುವುದು, ನಿದ್ದೆ ಬಾರದಿರುವುದು ಮೊದಲ ರಾತ್ರಿಯೇ ಶುರುವಾಗುತ್ತದೆ. ಅಲ್ಲಿನವರು ಇದನ್ನು ಸೊರೊಚೆ ಎನ್ನುತ್ತಾರೆ. ಗಟ್ಟಿಮುಟ್ಟಾದ ಯುವಕರಿಗೂ ಬರುತ್ತದೆ, ಅಜ್ಜಿಗೆ ಬಾರದಿರಲೂಬಹುದು.

ಮಾಚು ಪಿಚು ಎತ್ತರದಲ್ಲಿದೆ ಎಂದು ಹೆದರಿ, ಒಗ್ಗಿಕೊಳ್ಳಲೆಂದು ಕುಸ್ಕೊದಲ್ಲಿ ಮೂರು ದಿನ ಉಳಿದು ಆಮೇಲೆ ಅಲ್ಲಿಗೆ ಹೋಗುವವರು ಬಹಳ. ಅಂಕಿಗಳನ್ನು ಸಾಲಾಗಿ ಇಟ್ಟು ನೋಡಿ: ಕುಸ್ಕೊ 3,400, ಒಯಾಂತಾಯ್‌ತಾಂಬೊ 2,800, ಮಾಚು ಪಿಚು 2,430, ಆಗ್ವಾಸ್ ಕಾಲಿಯೆಂತೆಸ್ 2,040. ಎಲ್ಲಕ್ಕಿಂತ ಮೇಲಿರುವುದೇ ಕುಸ್ಕೊ. ಹಾಗಾಗಿ ವಿಮಾನ ಇಳಿದ ಕೂಡಲೇ ಟ್ಯಾಕ್ಸಿ ಹಿಡಿದು ಒಂದೂವರೆ-ಎರಡು ಗಂಟೆಯಲ್ಲಿ ಒಯಾಂತಾಯ್‌ತಾಂಬೊ ಇರುವ ಕಣಿವೆಗೆ ಇಳಿದುಬಿಡಬೇಕು. ಅಲ್ಲಿ ಎರಡು ರಾತ್ರಿ, ಆಮೇಲೆ ಮಾಚು ಪಿಚು, ದೇಹ ಒಗ್ಗಿದ ಮೇಲೆ ಕೊನೆಯಲ್ಲಿ ಕುಸ್ಕೊ. ಮೊದಲ ದಿನ ಹೊಟ್ಟೆ ತುಂಬ ಊಟ, ಮದ್ಯ, ಮೆಟ್ಟಿಲು ಹತ್ತುವುದು ಬೇಡ. ಅಸಿಟಜೋಲಮೈಡ್ ಮಾತ್ರೆಯನ್ನು ಸಾಮಾನ್ಯವಾಗಿ 125 ಮಿಲಿಗ್ರಾಂನಂತೆ ದಿನಕ್ಕೆರಡು ಸಲ, ಏರುವ ಹಿಂದಿನ ದಿನದಿಂದ ಕೊಡುತ್ತಾರೆ. ಸಲ್ಫಾ ಔಷಧ ಆಗದವರು ಡಾಕ್ಟರಿಗೆ ಮೊದಲೇ ಹೇಳಬೇಕು. ನಡಿಗೆ ತೂರಾಡಿದರೆ, ಮಾತು ತಡವರಿಸಿದರೆ, ಸುಮ್ಮನೆ ಕೂತಾಗಲೂ ಏದುಸಿರು ಬಂದರೆ ಬೆಳಗಾಗಲೆಂದು ಕಾಯದೆ ಕೆಳಕ್ಕೆ ಇಳಿಯಬೇಕು. ಹೋಟೆಲಿನಲ್ಲಿ ಕೋಕಾ ಎಲೆಯ ಚಹಾ ಕೊಡುತ್ತಾರೆ, ಅಲ್ಲಿ ಅದು ಕಾನೂನುಬದ್ಧ. ಆ ಎಲೆಯನ್ನಾಗಲಿ ಚಹಾದ ಪೊಟ್ಟಣವನ್ನಾಗಲಿ ನೆನಪಿಗೆಂದು ಊರಿಗೆ ತರಬಾರದು. ನಮ್ಮ 1985ರ ಮಾದಕವಸ್ತು ಕಾಯ್ದೆಯಲ್ಲಿ ಕೋಕಾ ಎಲೆ ನಿಷಿದ್ಧ.

ಸಸ್ಯಾಹಾರಿಗಳಿಗೆ ಒಂದು ಮಾತು. 'ಸಿನ್ ಕಾರ್ನೆ' ಎಂದರೆ ದನ-ಹಂದಿಯ ಮಾಂಸ ಬೇಡ ಎಂದಷ್ಟೇ ಅರ್ಥವಾಗುವುದುಂಟು. 'ಸಿನ್ ಪೊಯೊ, ಸಿನ್ ಪೆಸ್ಕಾದೊ' ಎಂದು ಕೋಳಿ-ಮೀನನ್ನೂ ಸೇರಿಸಿ ಹೇಳಿ. ಕಿನುವಾ ಸಾರು ನೋಡಲು ಸಸ್ಯಾಹಾರದಂತಿದ್ದರೂ ಕೋಳಿಯ ರಸದಲ್ಲಿ ಕುದಿಸಿರುತ್ತಾರೆ, 'ಕಾಲ್ದೊ' ಯಾವುದೆಂದು ಕೇಳಲೇಬೇಕು. ಮಾರುಕಟ್ಟೆಯಲ್ಲಿ ಬೇಯಿಸಿದ ದಪ್ಪಕಾಳಿನ ಮುಸುಕಿನ ಜೋಳ, ಹತ್ತಾರು ಬಗೆಯ ಆಲೂಗಡ್ಡೆ ಸಿಗುತ್ತವೆ. ನಮ್ಮ ಪಲ್ಯದ ಆಲೂಗಡ್ಡೆಯ ತವರು ಇದೇ ಬೆಟ್ಟಸಾಲು.

ತಿಂಗಳು, ಮುಷ್ಕರ, ಕಾಗದ

ಮೇಯಿಂದ ಸೆಪ್ಟೆಂಬರ್ ಒಣಗಾಲ. ಆಕಾಶ ತಿಳಿ, ರಾತ್ರಿ ಕುಸ್ಕೊದಲ್ಲಿ ಸೊನ್ನೆಯ ಹತ್ತಿರದ ಚಳಿ, ಜನವೋ ಜನ. ಜನವರಿ-ಫೆಬ್ರವರಿ ಗಟ್ಟಿ ಮಳೆ. 2010ರ ಜನವರಿಯಲ್ಲಿ ಪ್ರವಾಹ ಹಳಿಯನ್ನೇ ಕೊಚ್ಚಿಹಾಕಿ, ಸಿಕ್ಕಿಬಿದ್ದ ಸಾವಿರಾರು ಪ್ರವಾಸಿಗರನ್ನು ಹೆಲಿಕಾಪ್ಟರಿನಲ್ಲಿ ಹೊರತಂದರು. ಏಪ್ರಿಲ್ ಕೊನೆ ಅಥವಾ ಮೇ ಮೊದಲ ಭಾಗ ನನಗೆ ಎಲ್ಲಕ್ಕಿಂತ ಇಷ್ಟದ ಕಾಲ: ಮಳೆ ನಿಂತಿರುತ್ತದೆ, ಜಗಲಿಗಳು ಇನ್ನೂ ಹಸಿರಾಗಿರುತ್ತವೆ. ನಮ್ಮ ಮಕ್ಕಳ ಬೇಸಿಗೆ ರಜೆಗೂ ಹೊಂದುತ್ತದೆ.

'ಪಾರೊ' ಎಂಬ ಪದ ಕಲಿತಿರಿ. ಮುಷ್ಕರ ಎಂದರ್ಥ. ಒಂದೇ ಹಳಿ, ಒಂದೇ ರಸ್ತೆ ಇರುವ ಜಾಗದಲ್ಲಿ ಹಳಿಯ ಮೇಲೆ ನಾಲ್ಕು ಬಂಡೆ ಇಟ್ಟರೆ ಎಲ್ಲವೂ ನಿಲ್ಲುತ್ತದೆ. 2023ರ ಜನವರಿ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಮಾಚು ಪಿಚು ಮುಚ್ಚಿಯೇ ಇತ್ತು. 2024ರ ಜನವರಿಯಲ್ಲಿ ಟಿಕೆಟ್ ಮಾರಾಟದ ಹೊಸ ವ್ಯವಸ್ಥೆಯ ವಿರುದ್ಧ ಊರವರು ರೈಲು ತಡೆದರು. ಅವರ ಬದುಕು ಆ ಟಿಕೆಟ್ಟಿನ ಮೇಲೆ ನಿಂತಿದೆ, ಸಿಟ್ಟಿಗೆ ಕಾರಣ ಇದೆ. ಪ್ರವಾಸಿಗರು ಮಾಡಬಹುದಾದದ್ದು ಇಷ್ಟೇ: ಮಾಚು ಪಿಚುವಿಗೂ ಊರಿಗೆ ಮರಳುವ ವಿಮಾನಕ್ಕೂ ನಡುವೆ ಎರಡು-ಮೂರು ದಿನ ಬಿಟ್ಟಿರಬೇಕು. ಆ ದಿನಗಳೇ ಕುಸ್ಕೊದ ದಿನಗಳು. ಕೊರಿಕಾಂಚಾದಲ್ಲಿ ಚರ್ಚಿನ ಒಳಗೆ ನಿಂತಿರುವ ಇಂಕಾ ಗೋಡೆಗಳನ್ನೂ, ಅಮೆರಿಕದ ಅನ್ವೇಷಕ ಹೈರಮ್ ಬಿಂಗಮ್ 1911ರ ನಂತರ ತನ್ನ ದೇಶಕ್ಕೆ ಒಯ್ದು, ಸುಮಾರು ನೂರು ವರ್ಷದ ಮೇಲೆ ಯೇಲ್ ವಿಶ್ವವಿದ್ಯಾಲಯ ಹಿಂದಿರುಗಿಸಿದ ಮಾಚು ಪಿಚುವಿನ ವಸ್ತುಗಳಿರುವ ಕಾಸಾ ಕೊಂಚಾ ಸಂಗ್ರಹಾಲಯವನ್ನೂ ಆಗ ನೋಡಬಹುದು.

ಇನ್ನು ಲೀಮಾ ದಾಟಿ ಮನೆಯ ಕಡೆಗೆ. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಅಥವಾ ಯೂರೋಪಿನ ಶೆಂಗೆನ್ ದೇಶಗಳ, ಕನಿಷ್ಠ 6 ತಿಂಗಳು ಅವಧಿ ಉಳಿದಿರುವ ವೀಸಾ ಅಥವಾ ಕಾಯಂ ವಾಸದ ಅನುಮತಿ ಇರುವ ಭಾರತೀಯರಿಗೆ ಪೆರುವಿನ ವೀಸಾ ಬೇಕಿಲ್ಲ. ಉಳಿದವರು ದೆಹಲಿಯ ರಾಯಭಾರ ಕಚೇರಿಗೆ ಅರ್ಜಿ ಹಾಕಬೇಕು. ಅಮೆರಿಕದ ಮೂಲಕ ಹೋಗುವ ವಿಮಾನ ಅಗ್ಗವೆಂದು ಕೊಂಡರೆ, ಬರೀ ವಿಮಾನ ಬದಲಿಸಲೂ ಅಲ್ಲಿನ ವೀಸಾ ಬೇಕು. ಮತ್ತೆ, ಎಲ್ಲರೂ ಮರೆಯುವ ಹಳದಿ ಜ್ವರದ ಲಸಿಕೆ. ಮಾಚು ಪಿಚುವಿನ ಎತ್ತರದಲ್ಲಿ ಆ ಕಾಯಿಲೆಯ ಭಯವಿಲ್ಲ, ಆದರೆ ಪೆರು ಆ ರೋಗವಿರುವ ದೇಶಗಳ ಪಟ್ಟಿಯಲ್ಲಿದೆ. ಅಲ್ಲಿಂದ ಹೊರಟು 6 ದಿನದೊಳಗೆ ಭಾರತಕ್ಕೆ ಬಂದಿಳಿದವರ ಬಳಿ ಪ್ರಮಾಣಪತ್ರ ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದ ಮನೆಗೆ ಬಿಡದೆ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಎಲ್ಲ ಆಸ್ಪತ್ರೆಯಲ್ಲಿ ಸಿಗುವುದಿಲ್ಲ, ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ. ಮೊದಲೇ ದಿನ ಗೊತ್ತುಮಾಡಿಕೊಂಡು ಪಾಸ್‌ಪೋರ್ಟ್ ಹಿಡಿದು ಹೋಗಬೇಕು. ಅರವತ್ತು ದಾಟಿದವರು, ಮೊಟ್ಟೆಯ ಅಲರ್ಜಿ ಇರುವವರು, ಗರ್ಭಿಣಿಯರು ಮೊದಲು ಡಾಕ್ಟರನ್ನು ಕಾಣಬೇಕು. ಚುಚ್ಚಿಸಿಕೊಂಡ 10 ದಿನದ ನಂತರ ಪ್ರಮಾಣಪತ್ರ ಊರ್ಜಿತವಾಗುತ್ತದೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ.

ಪ್ರವೇಶದ ಗಂಟೆ, ಬಸ್ಸು, ರೈಲು, ಕಣಿವೆಯ ಎರಡು ರಾತ್ರಿ, ಲೀಮಾದ ವಿಮಾನ, ವೀಸಾ ಎಂದು ಹಿಂದಕ್ಕೆ ಎಣಿಸುತ್ತ ಬಂದರೆ ಕ್ಯಾಲೆಂಡರಿನಲ್ಲಿ ಮೊದಲು ಗುರುತು ಬೀಳುವುದು ಲಸಿಕೆಯ ಪ್ರಮಾಣಪತ್ರವಾದ ಹಳದಿ ಪುಸ್ತಕ ಕೈಗೆ ಬರುವ ದಿನಕ್ಕೆ. ಅದನ್ನು ಪಾಸ್‌ಪೋರ್ಟಿನೊಳಗೆ ಸಿಕ್ಕಿಸಿಡಿ. ವಾಪಸ್ಸು ಬರುವಾಗ ದೇವನಹಳ್ಳಿಯಲ್ಲಿ ಕೇಳುತ್ತಾರೆ.